28 ದಿನ, 14 ಹಾಡು: ನಿಂತುಹೋದ ಹಾಡುಕಟ್ಟುವ ಕೆಲಸವನ್ನು ಮತ್ತೆ ಹಿಡಿಯುವುದು ಹೇಗೆ?

ಹಾಡು ಕಟ್ಟುತ್ತಿದ್ದವರು ಒಂದೇ ದಿನದಲ್ಲಿ ಅದನ್ನು ಬಿಟ್ಟುಬಿಡುವುದಿಲ್ಲ. ಮೊದಲು ನಿಲ್ಲುವುದು ಎರಡನೆಯ ಚರಣ. ಪಲ್ಲವಿ ಹೊಳೆಯುತ್ತದೆ, ಮೊಬೈಲಿನಲ್ಲಿ ಗುನುಗಿ ಇಟ್ಟುಕೊಳ್ಳುತ್ತೇವೆ, ಉಳಿದದ್ದನ್ನು ಭಾನುವಾರ ನೋಡಿದರಾಯಿತು ಎಂದುಕೊಳ್ಳುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಅರ್ಧ ನಿಮಿಷದ ಗುನುಗುಗಳು ರಾಶಿ ಬಿದ್ದಿರುತ್ತವೆ, ಮುಗಿದ ಹಾಡು ಒಂದೂ ಇರುವುದಿಲ್ಲ. ಕೊನೆಗೆ ಪಲ್ಲವಿ ಹೊಳೆಯುವುದೂ ನಿಲ್ಲುತ್ತದೆ. ಸುಗಮ ಸಂಗೀತದ ತರಗತಿಗಳಲ್ಲಿ, ಹವ್ಯಾಸಿ ನಾಟಕ ತಂಡಗಳಲ್ಲಿ, ಕಾಲೇಜು ಬ್ಯಾಂಡುಗಳಲ್ಲಿ ಹೀಗೆ ಕೈಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ, ಮುಗಿಸುವ ರೂಢಿ ತಪ್ಪಿಹೋಗಿತ್ತು.

ಈ ರೂಢಿಯನ್ನು ಮರಳಿ ತರುವುದಕ್ಕೆ ನಾನು ಕಂಡ ದಾರಿಗಳಲ್ಲಿ ಅತ್ಯಂತ ಸರಳವಾದದ್ದು ಫೆಬ್ರವರಿ ತಿಂಗಳ ಸವಾಲು. ಬರ್ ಸೆಟಲ್ಸ್ ಎಂಬ ಅಮೆರಿಕದ ಹಾಡುಗಾರ 2004ರಲ್ಲಿ ಇದನ್ನು ಆರಂಭಿಸಿದರು. ಹೆಸರು ಫೆಬ್ರವರಿ ಆಲ್ಬಮ್ ರೈಟಿಂಗ್ ಮಂತ್. ನಿಯಮ ಒಂದೇ: 28 ದಿನಗಳಲ್ಲಿ 14 ಹೊಸ ಹಾಡು, ಅಂದರೆ ಎರಡು ದಿನಕ್ಕೊಂದು. ಅಧಿಕ ವರ್ಷ ಬಂದು 29 ದಿನವಾದರೆ ಹದಿನಾಲ್ಕೂವರೆ. ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಇದೇ ಬಳಗದವರು ನಡೆಸುವ ಇನ್ನೊಂದು ಸವಾಲಿನಲ್ಲಿ ಜುಲೈ 4ರಿಂದ 90 ದಿನಗಳಲ್ಲಿ 50 ಹಾಡು ಬರೆಯಬೇಕು. ಅದು ಪಳಗಿದವರಿಗೆ. ಜೊನಾಥನ್ ಮನ್ ಎಂಬಾತ 2009ರ ಜನವರಿ 1ರಿಂದ ದಿನಕ್ಕೊಂದು ಹಾಡು ಬರೆಯುತ್ತಾ ಬಂದಿದ್ದಾರೆ. ಅದನ್ನು ದೂರದಿಂದ ಮೆಚ್ಚಿಕೊಂಡರೆ ಸಾಕು, ಅನುಸರಿಸಲು ಹೋಗಬೇಡಿ.

14 ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು. ಎರಡು ದಿನಕ್ಕೊಂದು ಹಾಡು ಮುಗಿಯಲೇಬೇಕು ಎಂದಾದಾಗ ಪ್ರತಿ ಸಾಲನ್ನೂ ತೂಗಿ ನೋಡುವುದಕ್ಕೆ ಸಮಯ ಸಿಗುವುದಿಲ್ಲ. ನಮ್ಮೊಳಗೆ ಬರೆಯುವವರು ಒಬ್ಬರು, ತೀರ್ಪು ಕೊಡುವವರು ಇನ್ನೊಬ್ಬರು ಇದ್ದಾರೆ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಬರೆಯುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ತೀರ್ಪು ಕೊಡುವವರಿಗೆ ಒಂದು ತಿಂಗಳು ರಜೆ ಕೊಡುವುದೇ ಈ ಸವಾಲಿನ ಕೆಲಸ. ಹದಿನಾಲ್ಕರಲ್ಲಿ ಮೂರು ಉಳಿದರೂ ಅದು ಒಳ್ಳೆಯ ಫಸಲು.

ಮೊದಲು ತಿಂಗಳು, ಆಮೇಲೆ ಅಳತೆ

ಫೆಬ್ರವರಿಯೇ ಆಗಬೇಕೆಂದಿಲ್ಲ. ಮನೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿದ್ದರೆ, ನೀವೇ ಉಪನ್ಯಾಸಕರಾಗಿದ್ದರೆ ಪರೀಕ್ಷೆಯ ಆಸುಪಾಸಿನ ದಿನಗಳು ಬೇಡ. ಮದುವೆ, ಜಾತ್ರೆ, ವರ್ಷಾಂತ್ಯದ ಲೆಕ್ಕಪತ್ರ ಇಲ್ಲದ 28 ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಕ್ಕೆ 40 ನಿಮಿಷ ಸಾಕು, ಆದರೆ ಆ 40 ನಿಮಿಷ ಯಾವಾಗ ಎಂಬುದು ಮೊದಲೇ ನಿಗದಿಯಾಗಿರಬೇಕು. ಮೊದಲ ದಿನ ಸಾಹಿತ್ಯ, ಎರಡನೆಯ ದಿನ ರಾಗಸಂಯೋಜನೆ ಮತ್ತು ರೆಕಾರ್ಡಿಂಗ್ ಎಂದು ಹಂಚಿಕೊಳ್ಳುವುದು ಅನುಕೂಲ.

ಮುಂದಿನ ಕೆಲಸ ‘ಮುಗಿದ ಹಾಡು’ ಎಂದರೆ ಏನು ಎಂದು ತೀರ್ಮಾನಿಸುವುದು. ಇದನ್ನು ಮಾಡದವರು ಎರಡನೆಯ ವಾರದಲ್ಲಿ ಜಾರುತ್ತಾರೆ. ನನ್ನ ಸಲಹೆ ಇದು: ಒಂದು ಪಲ್ಲವಿ, ಎರಡು ಚರಣ, ಆರಂಭದಿಂದ ಕೊನೆಯವರೆಗೆ ನಿಲ್ಲದೆ ಹಾಡಬಹುದಾದ ಒಂದು ಧಾಟಿ, ಅದರ ಒಂದು ಮೊಬೈಲ್ ರೆಕಾರ್ಡಿಂಗ್. ಅಷ್ಟಿದ್ದರೆ ಹಾಡು ಮುಗಿಯಿತು. ಕೀಬೋರ್ಡಿನ ಹಿನ್ನೆಲೆ, ತಬಲಾ, ಮಿಕ್ಸಿಂಗ್ ಯಾವುದೂ ಬೇಡ. ಗಂಟಲು ಕಟ್ಟಿದ್ದರೂ ಪರವಾಗಿಲ್ಲ. ಪ್ರತಿ ರೆಕಾರ್ಡಿಂಗಿನ ಹೆಸರಿನಲ್ಲಿ ಹಾಡಿನ ಸಂಖ್ಯೆ, ದಿನಾಂಕ ಮತ್ತು ಶ್ರುತಿ ಇರಲಿ. ಹಾರ್ಮೋನಿಯಂನ ಕಪ್ಪು ಒಂದನೆಯ ಮನೆಯೋ ಬಿಳಿ ನಾಲ್ಕನೆಯ ಮನೆಯೋ ಎಂದು ಅಂದೇ ಬರೆದಿಡದಿದ್ದರೆ ತಿಂಗಳ ನಂತರ ಅದೇ ಹಾಡನ್ನು ಎತ್ತಿಕೊಳ್ಳುವಾಗ ತಡಕಾಡಬೇಕಾಗುತ್ತದೆ.

ಸವಾಲು ಆರಂಭವಾಗುವ ಮುಂಚಿನ ವಾರದಲ್ಲಿ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಮೂವತ್ತು ಬೀಜಗಳನ್ನು ಬರೆದಿಡಿ. ‘ಪ್ರೀತಿ’, ‘ವಿರಹ’, ‘ತಾಯಿ’ ಎಂಬಂಥವು ಬೀಜಗಳಲ್ಲ, ಅವು ಗೋದಾಮುಗಳು. ಬೀಜ ಎಂದರೆ ಕೈಗೆ ಸಿಗುವಷ್ಟು ಚಿಕ್ಕದು: ಅಜ್ಜಿಯ ಎಲೆಯಡಿಕೆ ಚೀಲದೊಳಗಿನ ಕೀಲಿ, ಮೆಜೆಸ್ಟಿಕ್ಕಿನಲ್ಲಿ ಬೆಳಗಿನ ಜಾವ ಐದಕ್ಕೆ ಬಸ್ಸಿಳಿದವರ ಮುಖ, ಮಾರಿಹೋದ ಎಮ್ಮೆಯ ಗೂಟ, ಮೈಕಿನಲ್ಲಿ ತಪ್ಪಾಗಿ ಕೂಗಿದ ಹೆಸರು. ಹಳೆಯ ಗುನುಗುಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಅವುಗಳೊಂದಿಗೆ ಹಳೆಯ ಹತಾಶೆಯೂ ಬರುತ್ತದೆ.

ಮೊದಲ ವಾರ: ಮಾತ್ರೆಯ ಕಟ್ಟು ಹಿಡಿಯಿರಿ

ಬಿಳಿಯ ಹಾಳೆಯ ಮುಂದೆ ‘ಏನು ಬೇಕಾದರೂ ಬರೆಯಬಹುದು’ ಎಂದು ಕುಳಿತರೆ ಏನೂ ಬರುವುದಿಲ್ಲ. ಕನ್ನಡದಲ್ಲಿ ಹಾಡು ಬರೆಯುವವರಿಗೆ ಒಂದು ದೊಡ್ಡ ಆಸ್ತಿ ಇದೆ, ಅದು ನಾವು ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಮರೆತ ಮಾತ್ರಾಗಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕಲಿತ ಇದು ಹಾಡು ಕಟ್ಟುವವರಿಗೆ ನೇರವಾಗಿ ತಾಳಕ್ಕೆ ಕೂರುವ ವಿದ್ಯೆ.

ಮೂರು ಮಾತ್ರೆಯ ಗಣಗಳು ಹೀಗೆ ನಡೆಯುತ್ತವೆ: ‘ಏರು ಹತ್ತಿ ಇಳಿದು ಬಂದೆ’. ಇದು ಆರು ಮಾತ್ರೆಯ ದಾದ್ರಾ ತಾಳಕ್ಕೆ ಹೇಳಿಮಾಡಿಸಿದ ನಡೆ. ನಾಲ್ಕು ಮಾತ್ರೆಯವು: ‘ಅಂಗಳ ತುಂಬಾ ಒಣಗುವ ಹಪ್ಪಳ’. ಆದಿತಾಳವೋ ಕೆಹರ್ವಾವೋ ಹೊಂದುತ್ತದೆ. ಐದು ಮಾತ್ರೆಯವು: ‘ಮಳೆ ನಿಂತ ಮೇಲೆ ಹನಿ ಮರದಿಂದ ಬೀಳುವುದು’. ಖಂಡಛಾಪಿನಲ್ಲೋ ಝಪ್‌ತಾಲದಲ್ಲೋ ಹಾಡಿ ನೋಡಿ, ಸಾಲು ತಾನಾಗಿ ತೂಗುತ್ತದೆ. ಮೂರು ಮತ್ತು ನಾಲ್ಕು ಸೇರಿದ ಏಳರ ನಡೆ ಮಿಶ್ರಛಾಪಿಗೆ, ಹಿಂದೂಸ್ತಾನಿಯ ರೂಪಕ್‌ಗೆ ಸರಿಹೊಂದುತ್ತದೆ. ಕುಮಾರವ್ಯಾಸ ಆರಿಸಿಕೊಂಡ ಭಾಮಿನಿ ಷಟ್ಪದಿಯ ನಡೆ ಇದೇ. ಕನ್ನಡದ ಕಿವಿಗೆ ಇದು ಎಷ್ಟು ಒಗ್ಗಿದೆಯೆಂದರೆ, ಛಂದಸ್ಸು ಗೊತ್ತಿಲ್ಲದವರೂ ತಪ್ಪಿದ ಜಾಗವನ್ನು ಗುರುತಿಸುತ್ತಾರೆ.

ಮೊದಲ ವಾರದ ಮೂರು ಹಾಡುಗಳನ್ನು ಮೂರು ಬೇರೆ ಬೇರೆ ಗಣಗಳಲ್ಲಿ ಬರೆಯಿರಿ. ಯಾವುದು ಎಂದು ಯೋಚಿಸುತ್ತಾ ಕೂರಬೇಡಿ. ಚೀಟಿ ಎತ್ತಿ.

ಒಂದು ಹಾಡು ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಬೀಜ: ಊರು ಬಿಡುವ ದಿನ. ನಡೆ: ಮೂರು-ನಾಲ್ಕು. ಗಡಿಯಾರ ನೋಡಿಕೊಂಡು ಬರೆದ ಮೊದಲ ಪಲ್ಲವಿ ಹೀಗೆ ಬಂತು ಎಂದುಕೊಳ್ಳಿ:

ನಮ್ಮ ಊರನು ಬಿಟ್ಟು ಹೊರಟೆನು
ನೋವು ತುಂಬಿತು ಮನದ ಒಳಗಡೆ

ಮಾತ್ರೆ ಲೆಕ್ಕ ಸರಿ ಇದೆ. ನಮ್ಮ ಮೂರು, ಊರನು ನಾಲ್ಕು, ಬಿಟ್ಟು ಮೂರು, ಹೊರಟೆನು ನಾಲ್ಕು. ಆದರೆ ಈ ಊರು ಯಾರ ಊರಾದರೂ ಆಗಬಹುದು, ಈ ನೋವು ಯಾರ ನೋವಾದರೂ ಆಗಬಹುದು. ‘ಒಳಗಡೆ’ ಎಂಬುದು ಬರೀ ನಾಲ್ಕು ಮಾತ್ರೆ ತುಂಬಿಸಲು ಬಂದ ಮಾತು. ಇಲ್ಲಿ ಅಳಿಸುತ್ತಾ ಕೂರಬೇಡಿ, ಕೆಳಗೆ ಒಂದು ಪ್ರಶ್ನೆ ಬರೆಯಿರಿ: ಆ ಹೊತ್ತಿನಲ್ಲಿ ಕಣ್ಣಿಗೆ ಏನು ಕಂಡಿತು? ಉತ್ತರವನ್ನು ಗದ್ಯದಲ್ಲೇ ಬರೆಯಿರಿ. ಸಂಜೆಯ ಕೊನೆಯ ಬಸ್ಸು. ಹಿಂದಿನ ಸೀಟು. ಎದ್ದ ಧೂಳಿನಲ್ಲಿ ಊರು ಕಾಣಿಸಲೇ ಇಲ್ಲ. ಈಗ ಅದೇ ಮೂರು-ನಾಲ್ಕರಲ್ಲಿ ಹೇಳಿ:

ಕೊನೆಯ ಬಸ್ಸಿನ ಹಿಂದೆ ಓಡುವ
ಧೂಳಿನೊಳಗೇ ಊರು ಉಳಿಯಿತು

‘ನೋವು’ ಎಂಬ ಮಾತು ಹೋಯಿತು, ನೋವು ಉಳಿಯಿತು. ಬಸ್ಸು, ಧೂಳು ಬಂದ ಮೇಲೆ ಚರಣಕ್ಕೆ ದಾರಿ ತೆರೆಯಿತು. ಬಸ್ಸಿನೊಳಗೆ ನಾನು ಏನು ಮಾಡುತ್ತಿದ್ದೆ?

ಕಿಟಕಿ ಗಾಜಿಗೆ ಹಣೆಯನೊತ್ತಿದೆ
ಹಿಂದೆ ಸರಿದವು ಹುಣಸೆ ಮರಗಳು

ಇದು ಮಹಾಕಾವ್ಯವಲ್ಲ. ಆದರೆ ಎರಡನೆಯ ಚರಣದಲ್ಲಿ ಕಂಡಕ್ಟರ್ ಬರಬಹುದು, ಟಿಕೆಟ್ ಕೇಳಬಹುದು, ಊರ ಹೆಸರು ಹೇಳುವಾಗ ಗಂಟಲು ಕಟ್ಟಬಹುದು ಎಂಬುದು ಈಗಾಗಲೇ ಕಾಣುತ್ತಿದೆ. ಪಲ್ಲವಿಯ ಮೊದಲ ರೂಪದಲ್ಲಿ ಆ ಕಂಡಕ್ಟರ್‌ಗೆ ನಿಲ್ಲಲು ಜಾಗವೇ ಇರಲಿಲ್ಲ.

ಪ್ರಾಸದ ಬಗ್ಗೆಯೂ ಎಚ್ಚರ ಬೇಕು. ಕನ್ನಡದಲ್ಲಿ ಅಂತ್ಯಪ್ರಾಸ ತೀರಾ ಅಗ್ಗ. ಹೋದೆನು, ಬಂದೆನು, ನಿಂತೆನು ಎಂದು ಕ್ರಿಯಾಪದಗಳ ಬಾಲಗಳು ತಾವೇ ಕೂಡಿಕೊಳ್ಳುತ್ತವೆ, ಬರೆದವರಿಗೆ ಏನೋ ಸಾಧಿಸಿದ ಭ್ರಮೆ ಬರುತ್ತದೆ. ಒಂದು ಹಾಡಿನಲ್ಲಾದರೂ ಆದಿಪ್ರಾಸವನ್ನು ಪ್ರಯತ್ನಿಸಿ. ಸಾಲು ‘ಹುಣಸೆ’ ಎಂದು ಆರಂಭವಾದರೆ ಮುಂದಿನ ಸಾಲಿನ ಎರಡನೆಯ ಅಕ್ಷರವೂ ಣಕಾರವಾಗಿರಬೇಕು: ಕಣಜ, ಬಣವೆ, ತಣಿದ ನೆಲ. ಬಣವೆಯನ್ನು ನೀವು ಯೋಚಿಸಿಯೇ ಇರಲಿಲ್ಲ. ಪ್ರಾಸ ಅದನ್ನು ತಂದುಕೊಟ್ಟಿತು, ಹಾಡು ಮನೆಯ ಹಿತ್ತಿಲಿಗೆ ಹೊರಳಿತು. ನಿರ್ಬಂಧಗಳಿಂದ ಆಗುವ ಲಾಭ ಇದು.

ಎರಡನೆಯ ವಾರ: ಧಾಟಿ ಮೊದಲು, ಮಾತು ಆಮೇಲೆ

ಈಗ ಕ್ರಮವನ್ನು ತಿರುಗಿಸಿ. ಸಿನಿಮಾ ಹಾಡುಗಳು ಹೆಚ್ಚಾಗಿ ಹುಟ್ಟುವುದೇ ಹೀಗೆ, ಟ್ಯೂನ್ ಮೊದಲು ಬರುತ್ತದೆ, ಸಾಹಿತ್ಯ ಅದಕ್ಕೆ ಕೂರುತ್ತದೆ. ಕಂಪನಿ ನಾಟಕಗಳಲ್ಲೂ ಜನ ಆಗಲೇ ಮೆಚ್ಚಿದ ಮಟ್ಟುಗಳಿಗೆ ಹೊಸ ಪದ ಕಟ್ಟುವ ವಾಡಿಕೆ ಇತ್ತು.

ಐದು ಸ್ವರಗಳ ಒಂದು ರಾಗ ಆರಿಸಿಕೊಳ್ಳಿ. ಮೋಹನ (ಸ ರಿ ಗ ಪ ಧ), ಮಧ್ಯಮಾವತಿ (ಸ ರಿ ಮ ಪ ನಿ), ಹಿಂದೋಳ (ಸ ಗ ಮ ಧ ನಿ) ಯಾವುದಾದರೂ ಆಗಬಹುದು. ಧಾರವಾಡದ ಕಡೆಯ ಹಿಂದೂಸ್ತಾನಿ ಅಭ್ಯಾಸವಿದ್ದವರು ಮೋಹನವನ್ನು ಭೂಪ್, ಹಿಂದೋಳವನ್ನು ಮಾಲಕೌಂಸ್ ಎಂದುಕೊಂಡು ಆರಂಭಿಸಲಿ. ಇದು ಶಾಸ್ತ್ರೀಯ ಕಛೇರಿಯಲ್ಲ, ರಾಗದ ನಿಯಮ ಪಾಲಿಸಲೇಬೇಕೆಂಬ ಹಟ ಬೇಡ. ಸ್ವರಗಳನ್ನು ಐದಕ್ಕೆ ಇಳಿಸುವ ಉದ್ದೇಶ ಆಯ್ಕೆಯ ಗೊಂದಲ ತಪ್ಪಿಸುವುದಷ್ಟೆ. ತಂಬೂರಿ ಆ್ಯಪ್ ಹಾಕಿ, ಮೊಬೈಲ್ ರೆಕಾರ್ಡರ್ ಒತ್ತಿ, ಹತ್ತು ನಿಮಿಷ ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡಿ. ತಾನಾನ, ಲಲಲ, ಏನು ಬಂದರೂ ಸರಿ. ನಡುವೆ ನಿಲ್ಲಿಸಬೇಡಿ.

ಆಮೇಲೆ ಕೇಳಿ. ಎರಡು ಸಲ ತಾನಾಗಿ ಮರಳಿ ಬಂದ ತುಣುಕು ಇದ್ದೇ ಇರುತ್ತದೆ. ಅದೇ ಪಲ್ಲವಿ. ಅದರ ಅತ್ಯಂತ ಎತ್ತರದ ಸ್ವರ ಎಲ್ಲಿದೆ ನೋಡಿ, ನಿಮ್ಮ ಮುಖ್ಯ ಮಾತು ಅಲ್ಲಿ ಬೀಳಬೇಕು. ಧಾಟಿ ಎಲ್ಲಿ ಉದ್ದಕ್ಕೆ ಎಳೆಯುತ್ತದೆಯೋ ಅಲ್ಲಿ ದೀರ್ಘಾಕ್ಷರ ಬರಲಿ. ‘ಮನೆ’ ಎಂಬ ಮಾತನ್ನು ನಾಲ್ಕು ಎಣಿಕೆ ಎಳೆದರೆ ಅದು ‘ಮನೇಏಏ’ ಆಗಿ ಕೇಳುತ್ತದೆ, ‘ಊರು’ ಎಳೆದರೆ ಏನೂ ಕೆಡುವುದಿಲ್ಲ. ಹ್ರಸ್ವ ದೀರ್ಘಗಳನ್ನು ಅದಲುಬದಲು ಮಾಡಿ ಹಾಡಿದ ಕನ್ನಡ ಎಷ್ಟೇ ಇಂಪಾಗಿದ್ದರೂ ಕಿವಿಗೆ ಮುಳ್ಳು. ಈ ಒಂದು ವಿಷಯದಲ್ಲಿ ಮಾತ್ರ ತಿಂಗಳ ನಡುವೆಯೂ ರಾಜಿ ಬೇಡ ಎನ್ನುತ್ತೇನೆ.

ಧಾಟಿಯೇ ಹೊಳೆಯದಿದ್ದರೆ ಹಿಂದಿನವರ ಉಪಾಯವನ್ನೇ ಬಳಸಿ. ನಿಮಗೆ ಬಾಯಿಪಾಠವಿರುವ ಒಂದು ಹಳೆಯ ಮಟ್ಟಿಗೆ ಹೊಸ ಸಾಹಿತ್ಯ ಬರೆಯಿರಿ, ಮರುದಿನ ಆ ಸಾಹಿತ್ಯವನ್ನು ಇಟ್ಟುಕೊಂಡು ಮಟ್ಟನ್ನು ಬಿಟ್ಟುಬಿಡಿ, ತಾಳ ಬದಲಿಸಿ ಹೊಸದಾಗಿ ಹಾಡಿ.

ಮೂರನೆಯ ವಾರದ ಕುಸಿತ

ಏಳೆಂಟು ಹಾಡು ಆಗುವ ಹೊತ್ತಿಗೆ ಪಟ್ಟಿಯ ಬೀಜಗಳೆಲ್ಲ ಸಪ್ಪೆಯಾಗಿ ಕಾಣುತ್ತವೆ. ನಿಮಗೆ ಬರುವ ಎಲ್ಲ ಧಾಟಿಗಳೂ ಒಂದೇ ಥರ ಕೇಳುತ್ತವೆ. ಇದು ಬಹುತೇಕ ಎಲ್ಲರಿಗೂ ಬರುವ ಘಟ್ಟ, ಮತ್ತು ನನ್ನ ಪ್ರಕಾರ ಸವಾಲಿನ ನಿಜವಾದ ಆರಂಭವೇ ಇದು. ಸವಾಲಿಗೆ ಇಳಿಯುವ ಮುಂಚೆ ತಲೆಯಲ್ಲಿ ಇಟ್ಟುಕೊಂಡಿದ್ದ ಹಾಡುಗಳು ಖಾಲಿಯಾಗಿವೆ, ಇನ್ನು ಮುಂದೆ ಬರುವುದು ನಿಮಗೂ ಗೊತ್ತಿಲ್ಲದ್ದು.

ಇಲ್ಲಿ ಹಾಡನ್ನು ಚಿಕ್ಕದು ಮಾಡಿ. ಒಂದು ಜೋಗುಳ ಬರೆಯಿರಿ. ಮಕ್ಕಳಿಗೆ ನಾಲ್ಕು ಸಾಲಿನ ಪದ್ಯ ಬರೆಯಿರಿ. ತ್ರಿಪದಿ ಬರೆಯಿರಿ, ಮೂರೇ ಸಾಲು. ನಮ್ಮ ಗರತಿಯರು ರಾಗಿ ಬೀಸುತ್ತಾ ಈ ಮೂರು ಸಾಲಿನಲ್ಲಿ ತವರು, ಅಣ್ಣ, ಅತ್ತೆ, ದೇವರು ಎಲ್ಲರನ್ನೂ ತಂದರು. ಕಲ್ಲು ತಿರುಗುವ ಲಯವೇ ಅವರಿಗೆ ತಾಳವಾಗಿತ್ತು, ಬರೆಯಲು ಕೈ ಬಿಡುವಿರಲಿಲ್ಲ. ನೀವೂ ಕೈಗೆ ಕೆಲಸ ಕೊಟ್ಟು ನೋಡಿ. ಪಾತ್ರೆ ತೊಳೆಯುವಾಗ, ಕೆರೆ ಏರಿಯ ಮೇಲೆ ನಡೆಯುವಾಗ ಬಾಯಲ್ಲೇ ಕಟ್ಟಿ, ನಾಲ್ಕು ಸಾಲು ನೆನಪಿನಲ್ಲಿ ನಿಂತ ಮೇಲೆ ಬರೆದುಕೊಳ್ಳಿ. ನೆನಪಿನಲ್ಲಿ ನಿಲ್ಲದ ಸಾಲು ಹಾಡಿಗೂ ಬೇಡವಾಗಿತ್ತು ಎಂದೇ ತಿಳಿಯಿರಿ.

ಇನ್ನೊಂದು ಉಪಾಯವನ್ನು ವಚನಕಾರರಿಂದ, ದಾಸರಿಂದ ಕಲಿಯಬಹುದು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರಿಗೆ ಪುರಂದರ ವಿಠಲ ಇದ್ದಂತೆ, ಈ ಒಂದು ವಾರಕ್ಕೆ ನಿಮ್ಮದೊಂದು ಅಂಕಿತ ಇಟ್ಟುಕೊಳ್ಳಿ. ಅದು ದೇವರೇ ಆಗಬೇಕಿಲ್ಲ. ತೀರಿಹೋದ ಗೆಳತಿಯ ಹೆಸರಾಗಬಹುದು, ಊರ ಹೊಳೆಯ ಹೆಸರಾಗಬಹುದು. ಪ್ರತಿ ಹಾಡಿನ ಕೊನೆಯ ಸಾಲು ಆ ಹೆಸರನ್ನು ಕರೆದೇ ಮುಗಿಯಬೇಕು. ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದಾಗ ದಾರಿ ಬೇಗ ಸಿಗುತ್ತದೆ. ಜೊತೆಗೆ ಯಾರಿಗೋ ಹೇಳುತ್ತಿದ್ದೇನೆ ಎಂಬ ಭಾವ ಬಂದ ಕೂಡಲೇ ಮಾತಿನ ಬಿಗುವು ಸಡಿಲವಾಗುತ್ತದೆ.

ಎರಡು ದಿನ ತಪ್ಪಿದರೆ? ತಪ್ಪಲಿ. ಸಾಲ ತೀರಿಸಲು ಒಂದೇ ರಾತ್ರಿ ಮೂರು ಹಾಡು ಬರೆಯಲು ಕೂರಬೇಡಿ. ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಅದು ಹೊಡೆದುಕೊಳ್ಳುವಷ್ಟರಲ್ಲಿ ಎಷ್ಟಾಯಿತೋ ಅಷ್ಟನ್ನು ಹಾಡಿ ರೆಕಾರ್ಡ್ ಮಾಡಿ, ಅದನ್ನೇ ಒಂದು ಹಾಡು ಎಂದು ಎಣಿಸಿ.

ಯಂತ್ರಕ್ಕೆ ಹೇಳಿ ಹಾಡು ಬರೆಸುವ ಸೌಲಭ್ಯ ಈಗ ಎಲ್ಲರ ಮೊಬೈಲಿನಲ್ಲಿದೆ. ಈ ತಿಂಗಳು ಅದನ್ನು ಮುಟ್ಟಬೇಡಿ. ಎಣಿಕೆ ಹದಿನಾಲ್ಕಾಗುತ್ತದೆ, ಆದರೆ ಮರಳಿ ಪಡೆಯಬೇಕಿದ್ದ ರೂಢಿ ನಿಮ್ಮ ಕೈಗೆ ಬರುವುದಿಲ್ಲ.

ಒಬ್ಬ ಜೊತೆಗಾರ ಸಾಕು

ಫೆಬ್ರವರಿ ಸವಾಲಿನಲ್ಲಿ ಭಾಗವಹಿಸುವವರು ಒಬ್ಬರ ಹಾಡನ್ನು ಒಬ್ಬರು ಕೇಳುತ್ತಾರೆ, ಅದರ ಬಲದಲ್ಲೇ ಅನೇಕರು ಕೊನೆ ಮುಟ್ಟುತ್ತಾರೆ. ನಿಮಗೆ ದೊಡ್ಡ ಬಳಗ ಬೇಕಿಲ್ಲ. ಇಬ್ಬರು ಅಥವಾ ಮೂವರು ಒಟ್ಟಿಗೆ ಆರಂಭಿಸಿ, ಬರೆದ ಹಾಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿಕೊಳ್ಳಿ. ಕುಟುಂಬದ ಗುಂಪಿಗೆ ಮಾತ್ರ ಹಾಕಬೇಡಿ, ಅಲ್ಲಿ ಬರುವ ಚಪ್ಪಾಳೆಯ ಚಿತ್ರಗಳೂ ಮೌನವೂ ಎರಡೂ ಕೆಲಸ ಕೆಡಿಸುತ್ತವೆ. ಕೇಳುವವರು ತಿಂಗಳು ಮುಗಿಯುವವರೆಗೆ ಒಂದೇ ಪ್ರಶ್ನೆಗೆ ಉತ್ತರಿಸಲಿ: ಯಾವ ಸಾಲು ನೆನಪಿನಲ್ಲಿ ಉಳಿಯಿತು? ರಾಗ ಜಾರಿತು, ಪ್ರಾಸ ತಪ್ಪಿತು ಎಂಬುದಕ್ಕೆ ಮುಂದೆ ಸಮಯವಿದೆ.

ಕೊನೆಯ ವಾರದಲ್ಲಿ ಒಂದು ಹಾಡನ್ನು ಅದಲುಬದಲು ಮಾಡಿ. ನಿಮ್ಮ ಸಾಹಿತ್ಯಕ್ಕೆ ಅವರು ಧಾಟಿ ಕಟ್ಟಲಿ, ಅವರದಕ್ಕೆ ನೀವು. ನೀವು ದುಃಖದ್ದು ಎಂದು ಬರೆದ ಪಲ್ಲವಿಯನ್ನು ಅವರು ಕುಣಿತದ ನಡೆಯಲ್ಲಿ ಹಾಡಿದಾಗ ನಿಮ್ಮ ಸಾಲಿನಲ್ಲಿ ನಿಮಗೇ ಕಾಣದ್ದು ಕಾಣುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು. ಭಾರತದಲ್ಲಿ ಹಾಡಿನ ಸಾಹಿತ್ಯಕ್ಕೆ ಒಂದು ಹಕ್ಕುಸ್ವಾಮ್ಯ, ಸಂಗೀತಕ್ಕೆ ಬೇರೆಯೇ ಒಂದು. ಯಾರು ಏನು ಮಾಡಿದರು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಿ, ಗೆಳೆತನಕ್ಕೂ ಒಳ್ಳೆಯದು. ಬೇರೆ ಕವಿಗಳ ಕವಿತೆಗೆ ರಾಗ ಹಾಕುವ ಆಸೆ ಇದ್ದರೆ, ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ ಎಂಬುದು ನೆನಪಿರಲಿ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಪದ್ಯಗಳು ಈಗ ಎಲ್ಲರವು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಮನೆಯೊಳಗೆ ಅಭ್ಯಾಸಕ್ಕೆ ಹಾಡಿಕೊಳ್ಳುವುದು ಬೇರೆ, ಹೊರಗೆ ಬಿಡುಗಡೆ ಮಾಡುವುದಾದರೆ ಅನುಮತಿ ಬೇಕು.

ತಿಂಗಳು ಮುಗಿದ ಮೇಲೆ

ಕೊನೆಯ ರೆಕಾರ್ಡಿಂಗ್ ಆದ ದಿನವೇ ಎಲ್ಲವನ್ನೂ ಕೇಳಲು ಕೂರಬೇಡಿ. ಮೂರು ವಾರ ಮುಚ್ಚಿಡಿ. ಆಮೇಲೆ ಒಂದು ಬೆಳಿಗ್ಗೆ, ಕೈಯಲ್ಲಿ ಸಾಹಿತ್ಯದ ಹಾಳೆ ಇಲ್ಲದೆ, ಕ್ರಮವಾಗಿ ಕೇಳಿ. ರಜೆ ಮುಗಿಸಿ ಬಂದ ತೀರ್ಪುಗಾರರಿಗೆ ಈಗ ಕುರ್ಚಿ ಕೊಡಿ. ಪ್ರತಿ ಹಾಡಿಗೂ ಮೂರರಲ್ಲಿ ಒಂದು ಗುರುತು: ತಿದ್ದಬೇಕಾದದ್ದು, ಕಳಚಿಕೊಳ್ಳಬೇಕಾದದ್ದು, ಬಿಡಬೇಕಾದದ್ದು. ಕಳಚಿಕೊಳ್ಳುವುದೆಂದರೆ ಹಾಡು ನಿಲ್ಲದಿದ್ದರೂ ಅದರೊಳಗಿನ ಒಂದು ಸಾಲನ್ನೋ ಒಂದು ಸ್ವರದ ತಿರುವನ್ನೋ ಬೇರೆಡೆಗೆ ಎತ್ತಿಟ್ಟುಕೊಳ್ಳುವುದು.

ತಿದ್ದಲು ಮೂರಕ್ಕಿಂತ ಹೆಚ್ಚು ಹಾಡು ಆರಿಸಬೇಡಿ. ಮೊದಲು ಎರಡನೆಯ ಚರಣ ನೋಡಿ, ಅವಸರದ ಕುರುಹು ಅಲ್ಲೇ ಹೆಚ್ಚು. ಮೊದಲ ಚರಣ ಹೇಳಿದ್ದನ್ನೇ ಅದು ಬೇರೆ ಮಾತಿನಲ್ಲಿ ಹೇಳುತ್ತಿದ್ದರೆ ಪೂರ್ತಿ ಹೊಸದಾಗಿ ಬರೆಯಿರಿ: ಕಾಲ ಮುಂದಕ್ಕೆ ಸರಿಯಲಿ, ಇಲ್ಲವೇ ಮಾತನಾಡುವವರು ಬದಲಾಗಲಿ. ಬಸ್ಸಿನ ಹಾಡಿನಲ್ಲಿ ಊರು ಬಿಟ್ಟವನ ಬದಲು, ನಿಲ್ದಾಣದಲ್ಲಿ ಉಳಿದವಳು ಹಾಡಬಹುದು. ಆಮೇಲೆ ಮಾತ್ರೆ ತುಂಬಿಸಲು ಬಂದ ಮಾತುಗಳನ್ನು ಹುಡುಕಿ ತೆಗೆಯಿರಿ. ಒಳಗಡೆ, ಎಂದೆಂದೂ, ತಾನೇ, ಬಲು ಎಂಬಂಥವು ಬೇಗ ಸಿಕ್ಕಿಬೀಳುತ್ತವೆ. ಕೊನೆಗೆ ನಿಮ್ಮ ಶ್ರುತಿಗೆ ಎತ್ತರದ ಸ್ವರ ನಿಲುಕುತ್ತಿದೆಯೇ ಎಂದು ನೋಡಿ, ಬೇಕಾದರೆ ಶ್ರುತಿಯನ್ನು ಹಾರ್ಮೋನಿಯಂನ ಒಂದು ಮನೆಯಷ್ಟು ಇಳಿಸಿ.

ಈ ಮೂರು ಹಾಡುಗಳು ತಯಾರಾದಾಗ ಜೊತೆಗಾರರನ್ನು ಮನೆಗೆ ಕರೆದು, ಮೈಕಿಲ್ಲದೆ ಎದುರು ಕುಳಿತು ಹಾಡಿ. ಕೇಳುವವರ ಕಣ್ಣು ಎಲ್ಲಿ ಗೋಡೆಯ ಕಡೆಗೆ ಹೋಯಿತು ಎಂದು ಗಮನಿಸಿ ಹಾಳೆಯಲ್ಲಿ ಗೆರೆ ಹಾಕಿಕೊಳ್ಳಿ. ಉಳಿದ ಹನ್ನೊಂದನ್ನು ಅಳಿಸಬೇಡಿ. ಸಂಖ್ಯೆ, ದಿನಾಂಕ, ಶ್ರುತಿ ಸಹಿತ ಒಂದು ಕಡತದಲ್ಲಿ ಇಟ್ಟು ಅದರ ಇನ್ನೊಂದು ಪ್ರತಿಯನ್ನು ಬೇರೆಡೆ ಉಳಿಸಿ, ಮತ್ತು ಮುಂದಿನ ಸವಾಲಿನ 28 ದಿನಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.